ಬೇರೆ ಮನೆಯಲ್ಲಿಟ್ಟ ಪ್ರತಿ

8 ಫೆಬ್ರುವರಿ 2015

ಪಂಡಿತ ತಮ್ಮನಿಗೆ,

ಇದು ಎರಡನೆಯ ಲಕೋಟೆ. ಮೊದಲನೆಯದನ್ನು ಆಗಸ್ಟಿನಲ್ಲಿ ಕಳಿಸಿದ್ದೆ. ತಲುಪಿತೋ ಇಲ್ಲವೋ, ನೀನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಫೋನಿನಲ್ಲಿ ಕೇಳಿದರೆ "ಹೂಂ" ಎನ್ನುತ್ತೀಯ. ಅದಕ್ಕೇ ಕಾಗದ. ಕಾಗದದಲ್ಲಿ ಸುಳ್ಳು ಹೇಳಬೇಕಾದರೂ ಪೂರ್ತಿ ವಾಕ್ಯ ಬರೆಯಬೇಕಾಗುತ್ತದೆ.

ನೀನು ಹೇಳಿಕೊಟ್ಟ ಹಾಗೆಯೇ ನಡೆಯುತ್ತಿದೆ. ಶುಕ್ರವಾರ ಸಂಜೆ ಕುಂಚಗಳನ್ನು ತೊಳೆದಿಟ್ಟು, ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಪರದೆಯ ಮೇಲಿರುವುದನ್ನೆಲ್ಲ ಎಳೆದು ಪೆನ್‌ಡ್ರೈವಿಗೆ ಹಾಕುತ್ತೇನೆ. ಮೂರು ಪ್ರತಿ ಇರಬೇಕು ಎಂದಿದ್ದೆಯಲ್ಲ: ಒಂದು ಕಂಪ್ಯೂಟರಿನಲ್ಲಿ, ಒಂದು ನನ್ನ ಮೇಜಿನ ಡ್ರಾಯರಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ನನಗೆ ಬೇರೆ ಮನೆ ಎಂದರೆ ನೀನೇ. ಇಲ್ಲಿ ಬೆಂಕಿ ಬಿದ್ದರೂ ಅಲ್ಲಿ ಉಳಿದಿರುತ್ತದೆ.

ಇಪ್ಪತ್ತಾರು ವರ್ಷದಿಂದ ಕೃತಕ ಕಣ್ಣು ಮಾಡುತ್ತಿದ್ದೇನೆ. ಯಾರ ಕಣ್ಣಿಗೆ ಯಾವ ಬಣ್ಣ, ಎಷ್ಟು ಪದರ, ಬಿಳಿಯ ಭಾಗದಲ್ಲಿ ಕೆಂಪು ಎಳೆಗಳು ಎಲ್ಲಿ ಎಂದು ಬರೆದಿಟ್ಟ ನೋಟ್‌ಬುಕ್ಕುಗಳನ್ನು "ಬರೀ ಧೂಳು" ಎಂದು ರದ್ದಿಗೆ ಹಾಕಿಸಿದವನು ನೀನು. ಟೈಪು ಮಾಡಿಕೊಟ್ಟವನೂ ನೀನೇ ಬಿಡು, ಎರಡು ವಾರ ಕೂತು. ನೋಟ್‌ಬುಕ್ ಇಲ್ಲದೆ ಸೀದಾ ಕಂಪ್ಯೂಟರಿನಲ್ಲೇ ಬರೆದಿಟ್ಟ ಮೊದಲ ಕಣ್ಣು ಹೋದ ತಿಂಗಳು ಮುಗಿಯಿತು. ಸಂಗೀತ ಹೇಳಿಕೊಡುವ ಒಬ್ಬರು ಮೇಡಂದು. ಕಾಯಿಲೆಯಲ್ಲಿ ಎಡಗಣ್ಣು ಹೋಗಿದೆ. ಉಳಿದ ಕಣ್ಣು ಜೇನಿನ ಬಣ್ಣ, ಅಂಚಿಗೆ ಬೂದು ಬಳೆ. ಇಷ್ಟು ಕಾಡಿಸಿದ ಬಣ್ಣ ಇನ್ನೊಂದಿಲ್ಲ. ಕೊನೆಗೆ ಕನ್ನಡಿ ನೋಡಿಕೊಂಡು ಆಕೆ, "ಯಾವುದು ನಂದು ಅಂತ ನನಗೇ ಗೊತ್ತಾಗ್ತಿಲ್ವಲ್ರೀ" ಎಂದರು. ಒಂದು ವಾರ ನಾನು ನೆಲದ ಮೇಲಿರಲಿಲ್ಲ.

ಹೋದ ಸಲದ ಹಾಗೆ ಲಕೋಟೆಯೊಳಗೆ ಒಂದು ಗುರುತು ಇಟ್ಟಿದ್ದೇನೆ. ಪೆನ್‌ಡ್ರೈವ್ ತೆರೆದು ಎಲ್ಲ ಸರಿಯಾಗಿದೆಯಾ ನೋಡು. ನೋಡಿ ಬರೆ.

ಅಕ್ಕ

2 ಮಾರ್ಚ್ 2015

ಪ್ರೀತಿಯ ಅಕ್ಕ,

ತಲುಪಿತು. ತೆರೆದು ನೋಡಿದೆ, ಎಲ್ಲ ಸರಿಯಾಗಿದೆ. ಗುರುತೂ ಸಿಕ್ಕಿತು. ನೀನು ಹೀಗೇ ಮಾಡಿಕೊಂಡು ಹೋಗು, ಯೋಚನೆ ಬೇಡ.

ಲೈಬ್ರರಿಯಲ್ಲಿ ಶನಿವಾರದ ನನ್ನ ತರಗತಿಗೆ ಈಗ ಹತ್ತೊಂಬತ್ತು ಜನ. ಎಲ್ಲರೂ ಕಂಪ್ಯೂಟರ್ ಕಂಡರೆ ಬೆವರುವವರು. ಕಡತಗಳನ್ನು ಕಳೆದುಕೊಳ್ಳದೆ ಇಟ್ಟುಕೊಳ್ಳುವುದು ಹೇಗೆ ಎಂದು ಹೇಳಿಕೊಡುತ್ತೇನೆ. ಉದಾಹರಣೆಗೆ ಯಾವಾಗಲೂ ನಿನ್ನದೇ ಕಥೆ. "ನಮ್ಮಕ್ಕ ಒಂದು ಶುಕ್ರವಾರವೂ ತಪ್ಪಿಸಲ್ಲ" ಎಂದರೆ ನಾಚಿಕೊಂಡು ಬರೆದುಕೊಳ್ಳುತ್ತಾರೆ.

ತಮ್ಮ

21 ಅಕ್ಟೋಬರ್ 2017

ಪಂಡಿತರೇ,

ನನ್ನ ಕಂಪ್ಯೂಟರ್ ಸತ್ತಿದೆ. ಹೋದ ವಾರ ಒಂದು ಬೆಳಿಗ್ಗೆ ಒತ್ತಿದರೆ ಒಳಗೆ ಕಟಕಟ ಎಂದಿತು, ಅಷ್ಟೇ. ರಿಪೇರಿಯವನು ಒಂದು ದಿನ ಇಟ್ಟುಕೊಂಡು, ಇನ್ನೂ ದೊಡ್ಡ ಅಂಗಡಿಗೆ ಕಳಿಸಿದ. ಅವರೂ ಕೈ ಎತ್ತಿದರು. ಒಳಗಿನ ತಟ್ಟೆ ಪೂರ್ತಿ ಗೀಚಿಹೋಗಿದೆಯಂತೆ. ಸಾವಿನ ಸುದ್ದಿ ಹೇಳುವ ಮುಖ ಮಾಡಿಕೊಂಡು ಹೇಳಿದ ಪಾಪ. ನಾನು ನಕ್ಕುಬಿಟ್ಟೆ. "ನನ್ನ ಹತ್ರ ಇನ್ನೂ ಎರಡು ಪ್ರತಿ ಇದೆ ಕಣಪ್ಪಾ" ಎಂದೆ.

ಡ್ರಾಯರಿನ ಪೆನ್‌ಡ್ರೈವನ್ನು ಅವನ ಮೆಷಿನ್ನಿಗೆ ಹಾಕಿದರೆ ಹೆಸರುಗಳೆಲ್ಲ ಬಂದವು, ಯಾವುದನ್ನು ಒತ್ತಿದರೂ ತೆರೆಯಲಿಲ್ಲ. ಅದೂ ಕೆಟ್ಟಿರಬೇಕು. ಇಂಥದ್ದಕ್ಕೇ ಅಲ್ಲವೇ ಮೂರನೆಯದು ಇರುವುದು. ನಿನ್ನ ಹತ್ತಿರ ಇರುವುದರಲ್ಲಿ ಒಂದನ್ನು ಬೇಗ ಕಳಿಸು.

ಬೇಗ ಎನ್ನಲು ಕಾರಣ ಇದೆ. ಆ ಸಂಗೀತ ಮೇಡಂ ಆಗಸ್ಟಿನಲ್ಲಿ ಮೆಟ್ಟಿಲಿನಿಂದ ಬಿದ್ದರು. ಇದ್ದ ಒಂದು ಕಣ್ಣೂ ಹೋಯಿತು. ತೆಗೆಯಲೇಬೇಕಾಯಿತಂತೆ. ನಾನು ಮಾಡಿಕೊಟ್ಟಿದ್ದು ಆಸ್ಪತ್ರೆಯ ಗಡಿಬಿಡಿಯಲ್ಲಿ ಎಲ್ಲೋ ಕಳೆದಿದೆ. ಈಗ ಎರಡನ್ನೂ ಮಾಡಬೇಕು. ಉಳಿದವರೆಲ್ಲ ಒಂದು ಕಣ್ಣಾದರೂ ಇರುವವರು, ಬಂದು ಕೂತರೆ ನೋಡಿ ಮತ್ತೆ ಬರೆದುಕೊಳ್ಳಬಹುದು. ಇವರಲ್ಲಿ ನೋಡಲು ಇನ್ನೊಂದಿಲ್ಲ. ಮನೆಯ ಫೋಟೋಗಳನ್ನು ತಂದಿದ್ದರು. ಅದರಲ್ಲಿ ಕಣ್ಣು ಎಂದರೆ ಎರಡು ಕಪ್ಪು ಚುಕ್ಕೆ. ಆಕೆಯ ಬಣ್ಣ ಇರುವುದು ನನ್ನ ಕಡತದಲ್ಲಿ ಮಾತ್ರ.

ಅಕ್ಕ

30 ಅಕ್ಟೋಬರ್ 2017

ಅಕ್ಕ,

ಕಾಗದ ಸಿಕ್ಕಿತು. ಸ್ವಲ್ಪ ತಡವಾಗಬಹುದು. ಮನೆಗೆ ಬಣ್ಣ ಹೊಡೆಸಿದಾಗ ಸಾಮಾನುಗಳೆಲ್ಲ ಅತ್ತಿತ್ತ ಆಗಿವೆ, ಹುಡುಕುತ್ತಿದ್ದೇನೆ. ಲೈಬ್ರರಿಯಲ್ಲಿ ಪುಸ್ತಕ ಎಣಿಸುವ ಕೆಲಸವೂ ಈಗಲೇ ಬಂದು ಕೂತಿದೆ.

ಒಂದು ವಿಷಯ ಕೇಳಬೇಕಿತ್ತು. ಶುಕ್ರವಾರ ಪ್ರತಿ ಮಾಡುವಾಗ ಎಷ್ಟು ಹೊತ್ತು ಹಿಡಿಯುತ್ತಿತ್ತು? ಸುಮ್ಮನೆ ಕೇಳಿದೆ.

ತಮ್ಮ

5 ನವೆಂಬರ್ 2017

ತಮ್ಮನಿಗೆ,

ಕೆಲಸದ ನಡುವೆ ನಿನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೇನೆ ಎಂದು ಬೇಜಾರಾಯಿತು. ಬಣ್ಣ ಹೊಡೆಸಿದ ಮನೆಯಲ್ಲಿ ಸಾಮಾನು ಹುಡುಕುವ ಕಷ್ಟ ನನಗೂ ಗೊತ್ತು. ಸಿಕ್ಕಾಗ ಕಳಿಸು. ಆದರೆ ಈ ತಿಂಗಳಲ್ಲಿ ಸಿಗಲಿ.

ಎಷ್ಟು ಹೊತ್ತು ಎಂದು ಕೇಳಿದ್ದೀಯ. ಒಂದು ನಿಮಿಷವೂ ಇಲ್ಲ. ಮೂಲೆಯಲ್ಲಿ ಪುಟ್ಟ ಬಾಣದ ಗುರುತಿರುವ ಆ ಚಿತ್ರಗಳನ್ನು ನೀನೇ ಪರದೆ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದೆಯಲ್ಲ, ಎಲ್ಲವನ್ನೂ ಒಟ್ಟಿಗೆ ಎಳೆದು ಬಿಟ್ಟರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಕಂಪ್ಯೂಟರ್ ಎಷ್ಟು ಚುರುಕು ಎಂದು ನನಗೆ ಹೆಮ್ಮೆ.

ಮೇಡಂ ಮೊನ್ನೆ ಬಂದಿದ್ದರು, ಏಳು ವರ್ಷದ ಮಗಳ ಕೈ ಹಿಡಿದುಕೊಂಡು. ನೆನಪಿನಿಂದಲೇ ಮಾಡೋಣ ಎಂದು ಮೂರು ಬಣ್ಣ ಬರೆದಿಟ್ಟಿದ್ದೆ. ನನಗೆ ಮೂರೂ ಸರಿ ಎನ್ನಿಸಿದ್ದವು. ಹುಡುಗಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, "ಇದಲ್ಲ", "ಇದೂ ಅಲ್ಲ", "ಇದು ಬೇರೆ ಯಾರ್ದೋ" ಎಂದಳು. ನನ್ನ ಕೆಲಸವನ್ನು ಹೀಗೆ ಯಾರೂ ತಳ್ಳಿಹಾಕಿರಲಿಲ್ಲ. ಸಿಟ್ಟೂ ಬರಲಿಲ್ಲ, ಅವಳು ಹೇಳಿದ್ದು ಸರಿ ಇತ್ತು.

ಮೇಡಂ ನಗುತ್ತಾ, "ನನಗೇನು, ಯಾವ ಬಣ್ಣ ಆದ್ರೂ ಕತ್ತಲೇನೇ. ನೋಡೋದು ಇವಳಲ್ವಾ? ಇವಳಿಗೆ ಅಮ್ಮನ ಕಣ್ಣೇ ಬೇಕಂತೆ" ಎಂದರು. "ನನ್ನ ತಮ್ಮನ ಹತ್ರ ಇದೆ ಕಣೇ, ಅವನು ತೆರೆದು ನೋಡಿದ್ದಾನೆ" ಎಂದು ಹುಡುಗಿಗೆ ಮಾತು ಕೊಟ್ಟು ಕಳಿಸಿದ್ದೇನೆ.

ಅಕ್ಕ

12 ನವೆಂಬರ್ 2017

ಅಕ್ಕ,

ಹೇಗೆ ಶುರು ಮಾಡಲಿ ಗೊತ್ತಾಗುತ್ತಿಲ್ಲ. ಎರಡು ಕಾಗದ ಹರಿದು ಹಾಕಿದ್ದಾಯಿತು.

ನಾನು ಏನನ್ನೂ ತೆರೆದು ನೋಡಿರಲಿಲ್ಲ. ನಿನ್ನ ಏಳು ಲಕೋಟೆಗಳು ಬಂದಿವೆ. ಒಂದೊಂದು ಬಂದಾಗಲೂ "ಭಾನುವಾರ ನೋಡೋಣ" ಎಂದು ಮೇಜಿನ ಕೆಳಗಿನ ಖಾನೆಗೆ ಹಾಕಿದೆ. ಮನೆಗೆ ಬಣ್ಣ ಹೊಡೆಸಿದ್ದು ಸುಳ್ಳು. ಹುಡುಕುವುದು ಏನೂ ಇರಲಿಲ್ಲ, ಎಲ್ಲ ಅಲ್ಲೇ ಇದ್ದವು, ಆರು ಲಕೋಟೆಗಳ ಅಂಟು ಕೂಡ ಬಿಟ್ಟಿರಲಿಲ್ಲ.

ನಿನ್ನ ಅಕ್ಟೋಬರಿನ ಕಾಗದ ಓದಿದ ಕೂಡಲೇ ಲಕೋಟೆಗಳನ್ನೆಲ್ಲ ಹರಿದೆ. ಕೂತು ಒಂದೊಂದನ್ನೇ ಕಂಪ್ಯೂಟರಿಗೆ ಹಾಕಿದೆ. ಹೆಸರುಗಳೆಲ್ಲ ಇವೆ. ಯಾವುದೂ ತೆರೆಯುವುದಿಲ್ಲ. ನಿನ್ನ ಡ್ರಾಯರಿನ ಪೆನ್‌ಡ್ರೈವ್ ಕೆಟ್ಟಿಲ್ಲ ಅಕ್ಕ. ಅದರಲ್ಲೂ ಇವುಗಳಲ್ಲೂ ಇರುವುದು ಒಂದೇ.

ಬಾಣದ ಗುರುತಿನ ಆ ಚಿತ್ರ ಕಡತ ಅಲ್ಲ. ಕಡತ ಯಾವ ಕಪಾಟಿನಲ್ಲಿದೆ ಎಂದು ತಿಳಿಸುವ ಚೀಟಿ, ಅಷ್ಟೇ. ನೀನು ಮೂರು ವರ್ಷ ಪ್ರತಿ ಶುಕ್ರವಾರ ಚೀಟಿಗಳನ್ನು ಪ್ರತಿ ಮಾಡಿದ್ದೀಯ. ಕಪಾಟು ನಿನ್ನ ಕಂಪ್ಯೂಟರಿನ ಒಳಗೇ ಇತ್ತು, ಅದು ಹೋಯಿತು. ನಿನಗೆ ಸುಲಭವಾಗಲಿ ಎಂದು ಆ ಚೀಟಿಗಳನ್ನು ಪರದೆಯ ಮೇಲೆ ಜೋಡಿಸಿದವನು ನಾನು. "ಇಲ್ಲಿ ಕಾಣೋದನ್ನೆಲ್ಲ ಎಳೆದು ಹಾಕು, ಸಾಕು" ಎಂದು ಹೇಳಿಕೊಟ್ಟವನೂ ನಾನೇ. ಅವತ್ತು ಬಸ್ಸಿಗೆ ಹೊತ್ತಾಗಿತ್ತು. ನಾನು ಹೇಳಿದ್ದನ್ನು ನೀನು ಒಂದಕ್ಷರ ತಪ್ಪದೆ ಮಾಡಿದೆ. ತಪ್ಪು ಹೇಳಿಕೊಟ್ಟಿದ್ದೇ ತಪ್ಪು.

ಇನ್ನೂ ಒಂದಿದೆ, ಅದನ್ನೂ ಬರೆದುಬಿಡುತ್ತೇನೆ. ಹೋದ ವರ್ಷ ತರಗತಿಯಲ್ಲಿ ಪೆನ್‌ಡ್ರೈವ್ ಅಳಿಸುವುದು ಹೇಗೆ ಎಂದು ತೋರಿಸಬೇಕಿತ್ತು. ಕೈಗೆ ಸಿಕ್ಕಿದ್ದು ನಿನ್ನ ಒಂದು ಲಕೋಟೆ. ಹರಿದು, ಒಳಗೇನಿದೆ ಎಂದೂ ನೋಡದೆ, ಹತ್ತೊಂಬತ್ತು ಜನರ ಮುಂದೆ ಅಳಿಸಿ ತೋರಿಸಿದೆ. ಅಳಿಸಿದ್ದರಿಂದ ಏನೂ ಹಾಳಾಗಲಿಲ್ಲ, ಇದ್ದದ್ದು ಬರೀ ಚೀಟಿ. ಆದರೆ ಅವತ್ತು ಒಂದೇ ಒಂದು ಕಡತವನ್ನು ಒತ್ತಿ ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಆಗ ನಿನ್ನ ಕಂಪ್ಯೂಟರ್ ಚೆನ್ನಾಗಿತ್ತು. ಎಲ್ಲವನ್ನೂ ಉಳಿಸಬಹುದಿತ್ತು. ಪ್ರತಿ ಮಾಡಿದರೆ ಸಾಲದು, ತೆರೆದು ನೋಡಬೇಕು ಎಂದು ಅದೇ ತರಗತಿಯಲ್ಲಿ, ಅದೇ ಗಂಟೆಯಲ್ಲಿ ಹೇಳಿಕೊಟ್ಟೆ.

ಲಕೋಟೆಗಳಲ್ಲಿ ಹತ್ತಿ ಸುತ್ತಿದ ಪುಟ್ಟ ಬಿಲ್ಲೆಗಳು ಸಿಕ್ಕವು, ಆರು. ಹಿಂದೆ ಸಣ್ಣ ಅಂಕಿ ಇದೆ. ನೀನು ಹೇಳುತ್ತಿದ್ದ ಗುರುತು ಇದೇ ಇರಬೇಕು.

ಆ ಹುಡುಗಿಗೆ ನನ್ನ ಹೆಸರಿನಲ್ಲಿ ಮಾತು ಕೊಟ್ಟಿದ್ದೀಯ. ನಿನಗೆ ಮುಖ ತೋರಿಸಲು ಆಗುತ್ತಿಲ್ಲ.

ತಮ್ಮ

19 ನವೆಂಬರ್ 2017

"ತೆರೆದು ನೋಡಿದೆ, ಎಲ್ಲ ಸರಿಯಾಗಿದೆ. ಗುರುತೂ ಸಿಕ್ಕಿತು." ನಿನ್ನ ಆ ಕಾಗದ ನನ್ನ ಹತ್ತಿರ ಇದೆ. ನಿನ್ನ ಕಾಗದಗಳನ್ನೆಲ್ಲ ನಾನು ತೆರೆದು ಓದುತ್ತೇನೆ, ಇಟ್ಟುಕೊಳ್ಳುತ್ತೇನೆ.

ತಪ್ಪು ಹೇಳಿಕೊಟ್ಟಿದ್ದನ್ನು ನಾನು ಮರೆತುಬಿಡಬಲ್ಲೆ. ಯಾರಿಗೂ ಆಗುವಂಥದ್ದು. ಸುಮ್ಮನಿದ್ದಿದ್ದರೆ ಅದನ್ನೂ ಮರೆಯುತ್ತಿದ್ದೆ. "ಸರಿಯಾಗಿದೆ" ಎಂದು ಯಾಕೆ ಬರೆದೆ? ಆ ಒಂದು ಸಾಲು ನಂಬಿಕೊಂಡು ಎರಡೂವರೆ ವರ್ಷ ನೆಮ್ಮದಿಯಾಗಿದ್ದೆನಲ್ಲ.

ನಾಲ್ಕು ದಿನ ಕುಂಚ ಮುಟ್ಟಲಿಲ್ಲ. ಸಿಟ್ಟು ಇಳಿದ ಮೇಲೆ ಒಂದು ಹೊಳೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಪ್ರತಿ ಕಣ್ಣಿಗೂ ನಾನು ನಡುವೆ ಕೂರುವ ಬಣ್ಣದ ಬಿಲ್ಲೆ ಎರಡು ಬರೆಯುತ್ತೇನೆ. ಹೆಚ್ಚು ಹೊಂದುವುದು ಕಣ್ಣಿನೊಳಗೆ ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಉಳಿದದ್ದನ್ನು ಎಸೆಯುತ್ತೇನೆ. ಒಂದು ಲಕೋಟೆಯಿಂದ ಇನ್ನೊಂದಕ್ಕೆ ಆಗುವ ಆರು ತಿಂಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಒಂದನ್ನು ಮಾತ್ರ ಎಸೆಯದೆ ನಿನ್ನ ಲಕೋಟೆಗೆ ಹಾಕುತ್ತಿದ್ದೆ. ನೀನು ನೋಡಲಿ ಎಂದು. ಅಕ್ಕ ಏನು ಮಾಡುತ್ತಾಳೆ ಎಂದು ನಿನಗೂ ಒಂದು ಅಂದಾಜಿರಲಿ ಎಂದು.

2015ರ ಫೆಬ್ರುವರಿಯ ಲಕೋಟೆಯಲ್ಲಿ ಇದ್ದದ್ದು ಮೇಡಂದು. ಹಿಂದೆ 212 ಎಂದು ಬರೆದಿದೆ. ನಿನ್ನ ಆರರಲ್ಲಿ ಅದು ಇದೆಯಾ?

24 ನವೆಂಬರ್ 2017

ಅಕ್ಕ,

ಆರರಲ್ಲಿ ಅದು ಇರಲಿಲ್ಲ. ನಾನು ತರಗತಿಯಲ್ಲಿ ಹರಿದ ಲಕೋಟೆಯೇ ಫೆಬ್ರುವರಿಯದು.

ಅವತ್ತು ಏನೋ ಗುಂಡಗಿನದು ಉರುಳಿ ಬಿದ್ದ ನೆನಪು ಬಂತು. ಯಾರದೋ ಕೋಟಿನ ಗುಂಡಿ ಎಂದುಕೊಂಡಿದ್ದೆ. ಲೈಬ್ರರಿಯಲ್ಲಿ ಬಿದ್ದು ಸಿಕ್ಕಿದ್ದನ್ನು ಕೌಂಟರಿನ ಡಬ್ಬಕ್ಕೆ ಹಾಕುವುದು ನಮ್ಮ ರೂಢಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ಆ ಡಬ್ಬವನ್ನು ಮೇಜಿನ ಮೇಲೆ ಸುರಿದೆ. ಬೀಗದ ಕೈಗಳು, ಒಂಟಿ ಓಲೆ, ಕನ್ನಡಕದ ಕಾಲು. ಗುಂಡಿಗಳೂ ಇದ್ದವು, ಗುಂಡಿಗಳು ಮಾತ್ರ.

ಕೌಂಟರಿನಾಕೆ ಬಂದು ಏನು ಹುಡುಕುತ್ತಿದ್ದೀರಿ ಎಂದರು. ಹೇಳಿದೆ. "ಹೋದ ವರ್ಷದ್ದೆಲ್ಲ ಎಸೆದಾಯ್ತಲ್ಲ ಸಾರ್" ಎಂದರು. ನಾನು ಸುರಿದದ್ದನ್ನೆಲ್ಲ ಮತ್ತೆ ಡಬ್ಬಕ್ಕೆ ತುಂಬತೊಡಗಿದೆ. ಆಕೆ ನನ್ನ ಮುಖ ನೋಡಿ, "ತಾಳಿ, ಒಂದನ್ನ ಎಸೆಯೋಕೆ ಕೈ ಬರ್ಲಿಲ್ಲ. ನನ್ನನ್ನೇ ನೋಡ್ತಿತ್ತು ಅದು" ಎಂದು ಕಂಪ್ಯೂಟರ್ ಪಕ್ಕದ ಬೋರ್ಡಿನಿಂದ ರಜೆಪಟ್ಟಿಯನ್ನು ಎತ್ತಿದರು. ಅದರ ಹಿಂದೆ, ಪ್ಲಾಸ್ಟಿಕ್ ಚೀಲದಲ್ಲಿ ಪಿನ್ ಹಾಕಿ ನೇತುಹಾಕಿದ್ದರು. ಜೇನಿನ ಬಣ್ಣ, ಅಂಚಿಗೆ ಬೂದು ಬಳೆ. ತಿರುಗಿಸಿದರೆ 212.

ನಾನು ದಿನಾ ಅಲ್ಲಿ ನಿಂತು ರಜೆಪಟ್ಟಿ ನೋಡುತ್ತಿದ್ದವನು.

ಅದನ್ನು ಅಂಚೆ ಕಚೇರಿಗೆ ನಾನೇ ಒಯ್ದು, ಕೈಯಿಂದ ಕೈಗೆ ಕೊಟ್ಟು, ರಶೀದಿ ಪಡೆದಿದ್ದೇನೆ. ಅದರ ಜೊತೆಗೆ ಉಳಿದ ಆರೂ ಇವೆ. ಮರೆತುಬಿಡು ಎಂದು ಕೇಳುತ್ತಿಲ್ಲ. ಬಣ್ಣ ಮಾಸಿದೆಯಾ ಎಂದು ಮಾತ್ರ ಒಂದು ಸಾಲು ಬರೆ.

ತಮ್ಮ

20 ಡಿಸೆಂಬರ್ 2017

ತಮ್ಮನಿಗೆ,

ಬಣ್ಣ ಮಾಸಿಲ್ಲ. ಬೋರ್ಡಿಗೆ ಬಿಸಿಲು ಬೀಳದ್ದು ನಿನ್ನ ಪುಣ್ಯ.

ಅದನ್ನೇ ನೋಡಿಕೊಂಡು ಬರೆದ ಎರಡು ಕಣ್ಣೂ ಮೊನ್ನೆ ಮುಗಿದವು. ಕೂರಿಸುವಾಗ ಮಗಳನ್ನು ಹೊರಗೆ ಕೂರಿಸಿದ್ದೆ. ಕರೆದಾಗ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಮೇಡಂ ಅವಳು ಎಲ್ಲಿದ್ದಾಳೆ ಎಂದು ಗೊತ್ತಾಗದೆ ಕಿಟಕಿಯ ಕಡೆ ಮುಖ ಮಾಡಿ, "ಹೆಂಗಿದೆಯೇ?" ಎಂದರು. ಹುಡುಗಿ ಕಿಟಕಿಗೂ ಅಮ್ಮನಿಗೂ ನಡುವೆ ಹೋಗಿ, ಅಮ್ಮ ನೋಡುತ್ತಿದ್ದ ಕಡೆಗೇ ನಿಂತುಕೊಂಡಳು. ನಾನು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಉಳಿಸಿದವಳು ಕೌಂಟರಿನಾಕೆ, ನೀನಲ್ಲ. ಆಕೆಗೆ ನನ್ನ ನಮಸ್ಕಾರ ಹೇಳು. ಉಳಿದ ಇನ್ನೂರ ಚಿಲ್ಲರೆ ಜನರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಮತ್ತೆ ಬರೆದುಕೊಳ್ಳುತ್ತಿದ್ದೇನೆ. ಹನ್ನೊಂದು ಆಗಿವೆ. ಕೆಲವರು ತೀರಿಕೊಂಡಿದ್ದಾರೆ, ಅವರದು ಹೋದದ್ದು ಹೋಯಿತು. ಹೊಸ ಕಂಪ್ಯೂಟರ್ ಬಂದಿದೆ. ರಿಪೇರಿಯವನು ನಿಜವಾದ ಕಡತ ಯಾವುದು, ಚೀಟಿ ಯಾವುದು ಎಂದು ತೋರಿಸಿಕೊಟ್ಟಿದ್ದಾನೆ. ನೋಟ್‌ಬುಕ್ಕೂ ಕೊಂಡಿದ್ದೇನೆ. ಧೂಳು ಎನ್ನಬೇಡ.

ಇಷ್ಟಾದ ಮೇಲೂ ಬೇರೆ ಮನೆ ಎಂದರೆ ನನಗೆ ಇನ್ನೊಂದಿಲ್ಲ. ಆದ್ದರಿಂದ ಈ ಲಕೋಟೆ. ತೆರೆ. ಒಳಗೆ ಏನೇನಿದೆ ಎಂದು ಬರೆದು ಕಳಿಸು. ಗುರುತು ಯಾರದೆಂದೂ ಬರೆ. ಅದಕ್ಕೆ ಅಂಕಿ ಹಾಕಿಲ್ಲ.

ಅಕ್ಕ

28 ಡಿಸೆಂಬರ್ 2017

ಪ್ರೀತಿಯ ಅಕ್ಕ,

ಲಕೋಟೆ ನಿನ್ನೆ ಬಂತು. ಕೋಟು ಕೂಡ ಬಿಚ್ಚದೆ ತೆರೆದೆ.

ಪೆನ್‌ಡ್ರೈವಿನಲ್ಲಿ ಹನ್ನೊಂದು ಕಡತ ಇವೆ. ಹನ್ನೊಂದನ್ನೂ ತೆರೆದೆ, ಹನ್ನೊಂದೂ ನಿಜವಾದವು. ಏಳನೆಯದರಲ್ಲಿ ಫೋಟೋ ತಲೆಕೆಳಗಾಗಿದೆ. ಒಂಬತ್ತನೆಯವರಿಗೆ ಎಷ್ಟು ಪದರ ಎಂದು ಬರೆಯುವುದನ್ನು ಮರೆತಿದ್ದೀಯ. ಎಲ್ಲವನ್ನೂ ನನ್ನ ಕಂಪ್ಯೂಟರಿನಲ್ಲೂ ಇಳಿಸಿ, ಅಲ್ಲೂ ತೆರೆದು ನೋಡಿದೆ. ಹೋದ ಶನಿವಾರ ತರಗತಿಯಲ್ಲಿ ನಿನ್ನ ಕಥೆ ನಿಲ್ಲಿಸಿ ನನ್ನ ಕಥೆ ಹೇಳಿದೆ. ಯಾರೂ ಬರೆದುಕೊಳ್ಳಲಿಲ್ಲ. ಮುಗಿದ ಮೇಲೆ ಮೂವರು ತಮ್ಮ ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಇಬ್ಬರದರಲ್ಲಿ ಇದ್ದದ್ದು ಚೀಟಿಗಳೇ.

ಗುರುತು ಯಾರದೆಂದು ಗೊತ್ತಾಗಲಿಲ್ಲ. ಗಾಢ ಕಂದು, ನಡುವೆ ಸ್ವಲ್ಪ ತಿಳಿ, ಕೆಳಗೆ ಎಡಕ್ಕೆ ಸಾಸಿವೆಯಷ್ಟು ಕಪ್ಪು ಮಚ್ಚೆ. ಬೆಳಿಗ್ಗೆ ತೆಗೆದುಕೊಂಡು ಹೋಗಿ ಕೌಂಟರಿನಾಕೆಗೆ ನಿನ್ನ ನಮಸ್ಕಾರ ಹೇಳಿ, ಇದು ಯಾರದಿರಬಹುದು ಎಂದು ಕೇಳಿದೆ. ಆಕೆ ಬಿಲ್ಲೆಯನ್ನು ನೋಡಿದರು, ನನ್ನನ್ನು ನೋಡಿದರು. "ಏನ್ ಸಾರ್ ತಮಾಷೆನಾ? ಇದು ನೀವೇ ಅಲ್ವಾ" ಎಂದರು.

ಕೈ ತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತು, ಬಿಲ್ಲೆಯನ್ನು ಬಲಗಣ್ಣಿನ ಪಕ್ಕ ಹಿಡಿದು ನೋಡಿದೆ. ಮಚ್ಚೆ ಇದೆ. ನನ್ನ ಕಣ್ಣಿನಲ್ಲಿ ಒಂದು ಮಚ್ಚೆ ಇದೆ ಎಂದು ನನಗೇ ಗೊತ್ತಿರಲಿಲ್ಲ. ನೀನು ನನ್ನನ್ನು ನೋಡಿ ಮೂರು ವರ್ಷದ ಮೇಲಾಯಿತು. ಯಾವ ಕಡತವೂ ಇಲ್ಲದೆ ಬರೆದಿದ್ದೀಯ.

ನಿನಗೆ ತಿರುಗಿ ಏನು ಕಳಿಸಲಿ ಎಂದು ಆಮೇಲೆ ಯೋಚಿಸುತ್ತಾ ಕೂತೆ. ಕಣ್ಣು ಮುಚ್ಚಿ ನಿನ್ನ ಮುಖ ನೆನಪಿಸಿಕೊಂಡೆ. ಹಣೆ ಬಂತು, ಬಣ್ಣ ಮೆತ್ತಿದ ಕೈ ಬಂತು, ನನ್ನನ್ನು ಬೈಯುವಾಗ ಒಂದು ಕಡೆಗೆ ಎಳೆದುಕೊಳ್ಳುವ ತುಟಿ ಬಂತು. ಕಣ್ಣಿನ ಹತ್ತಿರ ಬಂದು ನಿಂತುಬಿಟ್ಟೆ.

ಜನವರಿ ಆರರ ಶನಿವಾರದ ತರಗತಿ ರದ್ದು ಮಾಡಿದ್ದೇನೆ. ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ, ಈ ಸಲ ವಾಪಸ್ ಬಸ್ಸಿನ ಹೊತ್ತು ನೋಡಿಕೊಂಡಿಲ್ಲ. ನೀನು ಬಾಗಿಲು ತೆಗೆದಾಗ ಮಾತಾಡದೆ ನಿನ್ನ ಮುಖವನ್ನೇ ನೋಡುತ್ತಾ ನಿಂತರೆ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಣ್ಣು ಯಾವ ಬಣ್ಣ ಎಂದು ನನಗೆ ಗೊತ್ತಿಲ್ಲ, ಅಕ್ಕ.

ತಮ್ಮ